ಎದುರು ಹಲಗೆ

ಅಂದಾನಿಯವರಿಂದ ನಾನು ತಮಿಳು ಓದಲು ಕಲಿತೆ. ಅವರು ನನ್ನನ್ನು ಕೂರಿಸಿಕೊಂಡು ಕಲಿಸಿದ್ದೇನೂ ಅಲ್ಲ. ರಾಯಪುರಂನ ಹಗ್ಗದ ಬೀದಿಯಲ್ಲಿ ಅವರು ದಿನಾ ಬೆಳಿಗ್ಗೆ ಎರಡು ಕಪ್ಪು ಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಸಾಲು ಬರೆಯುತ್ತಿದ್ದರು. ಅಮ್ಮನ ಗುಡಿಯ ಗೋಡೆಯ ಹಲಗೆ ದೇವರು ಇದ್ದಾಳೆ ಎನ್ನುತ್ತಿತ್ತು. ಬೀದಿಯ ಆಚೆ ಬದಿಯಲ್ಲಿ ನಾಸ್ತಿಕರ ಸಂಘದ ಓದುಮನೆ. ಅದರ ಹಲಗೆ ಇಲ್ಲ ಎನ್ನುತ್ತಿತ್ತು. ಎರಡರಲ್ಲೂ ಒಂದೇ ಕೈಬರಹ, ಒಂದೇ ದುಂಡು, ಒಂದೇ ಅಚ್ಚುಕಟ್ಟು. ನನ್ನ ಬಸ್ಸು ಅಲ್ಲೇ ನಿಲ್ಲುತ್ತಿದ್ದುದರಿಂದ, ಬಸ್ಸು ಬರುವ ತನಕ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಕತ್ತು ತಿರುಗಿಸಿ ಅಕ್ಷರ ಕೂಡಿಸಿ ಓದುತ್ತಿದ್ದೆ. ಹೀಗಾಗಿ ನನ್ನ ತಮಿಳಿನ ಅರ್ಧ ಭಕ್ತಿಯದು, ಇನ್ನರ್ಧ ತರ್ಕದ್ದು.

ಬ್ಯಾಂಕು ನನಗೆ ಬಡ್ತಿಯ ನೆಪ ಹೇಳಿ ಮೈಸೂರಿನಿಂದ ಚೆನ್ನೈಗೆ ಎಸೆದದ್ದು ತೊಂಬತ್ತೇಳರ ಜೂನ್‌ನಲ್ಲಿ. ನನಗಾಗ ಮೂವತ್ತನಾಲ್ಕು. ಮದುವೆ ಆಗಿರಲಿಲ್ಲ, ಬಾಯಿ ಜೋರು ಎಂಬ ಹೆಸರಿತ್ತು, ಬೆವರು ಕಂಡರೆ ಆಗುತ್ತಿರಲಿಲ್ಲ. ಕನ್ನಡದವರ ಮನೆಯ ಮಹಡಿಯ ಮೇಲೊಂದು ಕೋಣೆ ಬಾಡಿಗೆಗಿದೆ ಎಂದು ಯಾರೋ ಹೇಳಿದಾಗ ಓಡಿ ಹೋದೆ. ಬಾಗಿಲು ತೆಗೆದ ಅಂದಾನಿಯವರ ಹೆಂಡತಿ ಜಯಲಕ್ಷ್ಮಮ್ಮ, "ಉಳ್ಳೆ ಬಾ ಕಣವ್ವ, ವೆಯಿಲಲ್ಲಿ ಯಾಕ್ ನಿಂತಿದ್ದೀ" ಎಂದರು. ಒಳಗೆ ಬಾ ಎಂಬುದು ಅರ್ಥವಾಯಿತು. ಬಿಸಿಲು ಎನ್ನುವುದಕ್ಕೂ ಅವರಿಗೆ ಕನ್ನಡ ಉಳಿದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಮೂಗು ಮುರಿದೆ. ಮೂರು ವರ್ಷದಲ್ಲಿ ನನ್ನ ಬಾಯಲ್ಲೂ ವೆಯಿಲೇ ಬಂತು, ಆ ಮಾತು ಬೇರೆ.

ಅಂದಾನಿ ಗುಂಡ್ಲುಪೇಟೆಯ ಕಡೆಯವರು. ಇಪ್ಪತ್ತನೇ ವಯಸ್ಸಿಗೆ ರೈಲ್ವೆಯಲ್ಲಿ ಪೇಂಟರ್ ಆಗಿ ಸೇರಿ, ಮೂವತ್ತೈದು ವರ್ಷ ಬೋಗಿಗಳ ಮೇಲೆ ನಂಬರು, ನಿಲ್ದಾಣಗಳ ಹಳದಿ ಹಲಗೆಗಳ ಮೇಲೆ ಊರ ಹೆಸರು ಬರೆದವರು. ಊರುಗಳೆಲ್ಲ ತಮಿಳು, ಹಿಂದಿ, ಇಂಗ್ಲಿಷ್‌ನಲ್ಲಿ. "ಒಂದೇ ಒಂದು ಕನ್ನಡ ಬೋರ್ಡು ನನ್ ಕೈಲಿ ಬರ್ಸನಿಲ್ಲ ಕನವ್ವ ಈ ರೈಲ್ವೇಲಿ" ಎಂದು ಅವರು ಹೇಳುವಾಗ ನಗುತ್ತಿದ್ದರು, ಆದರೆ ಅದನ್ನು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಕೈ ಸುಮ್ಮನಿರಲಿಲ್ಲ. ಗುಡಿಯ ಧರ್ಮಕರ್ತ ಏಕಾಂಬರಂ ಹಡಗಿನ ಹಗ್ಗ ಮಾರುವ ಅಂಗಡಿಯವರು. ಅವರು ಗುಡಿಯ ಹಲಗೆಯ ಮೇಲೆ ಪ್ರದೋಷ, ಹುಣ್ಣಿಮೆ ಎಂದೆಲ್ಲ ಕೋಳಿ ಕೆದಕಿದ ಹಾಗೆ ಬರೆದಿದ್ದನ್ನು ಕಂಡು, ಅಂದಾನಿಯವರೇ ಹೋಗಿ ಸೀಮೆಸುಣ್ಣ ಕೈಗೆ ತೆಗೆದುಕೊಂಡರಂತೆ.

ಅದಾದ ತಿಂಗಳಿಗೆ ಎದುರುಗಡೆಯ ಅರಿವಳಗನ್ ಬಂದರು. ಇವರು ಬಂದರಿನಲ್ಲಿ ಭಾರ ಎತ್ತುವ ಯಂತ್ರ ನಡೆಸುತ್ತಿದ್ದವರು. ಯಂತ್ರದ ಹಗ್ಗ ಬಲಗೈಯ ಎರಡು ಬೆರಳನ್ನು ತೆಗೆದುಕೊಂಡಿತ್ತು. ಹೆತ್ತವರು ಇಟ್ಟ ದೇವರ ಹೆಸರನ್ನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಿತ್ತುಹಾಕಿ, ಅರಿವಿನಿಂದ ಚೆಲುವಾದವನು ಎಂದು ತಾನೇ ಹೆಸರಿಟ್ಟುಕೊಂಡ ಮನುಷ್ಯ. ಓದುಮನೆಯನ್ನು ಒಬ್ಬರೇ ನಡೆಸುತ್ತಿದ್ದರು. ಉಳಿದ ಮೂರು ಬೆರಳಿನಲ್ಲಿ ಬರೆದರೆ ಅಕ್ಷರ ವಕ್ರ ಬರುತ್ತದೆಂದು ಅವರಿಗೆ ನಾಚಿಕೆ. "ದೇವರಿಗೆ ಬರೆಯುವ ಕೈ ನನಗೂ ಬರೆಯುತ್ತದೆಯೇ?" ಎಂದು ಕೇಳಿದರಂತೆ. ಅವರು ಆಡುತ್ತಿದ್ದುದು ತಮಿಳು. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅಂದಾನಿ ಒಪ್ಪಿದರು, ಒಂದು ಷರತ್ತಿನ ಮೇಲೆ. ನಾಳೆ ಬರೆಯಬೇಕಾದ ಸಾಲನ್ನು ಇಬ್ಬರೂ ಇವತ್ತು ಸಂಜೆಯೇ ಹೇಳಬೇಕು. ಹೇಳುವುದು ಅಂದಾನಿಯ ಕಿವಿಯಲ್ಲಲ್ಲ, ಬೀದಿಯ ಟೀ ಅಂಗಡಿಯ ಬೆಂಚಿನಲ್ಲಿ, ಎದುರಿನವನ ಮುಖ ನೋಡಿಕೊಂಡು. ಮುಖ ನೋಡಿ ಹೇಳಲಾಗುವ ಮಾತನ್ನು ಅವರು ಬರೆಯುತ್ತಾರೆ. ಹೇಳಲಾಗದ್ದನ್ನು ಬರೆಯುವುದಿಲ್ಲ. ದೇವರ ಬಗ್ಗೆ ಏನು ಬೇಕಾದರೂ ಅನ್ನಬಹುದು. "ದೇವ್ರ ಬಗ್ಗೆ ನಂಗೇನ್ ಭಯ ಇಲ್ಲ. ಅವ್ನು ತಡ್ಕತಾನೆ. ಮನುಸ ತಡ್ಕತಾನಾ ಅಂತ ನೋಡ್ಬೇಕು ಕನವ್ವ" ಎಂದು ನನಗೆ ವಿವರಿಸಿದ್ದರು.

ಅಂದಾನಿ ಲಿಂಗಾಯತರು. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಆಮೇಲೆ ಅದೇ ಕೈಯಲ್ಲಿ ಹೋಗಿ ದೇವರಿಲ್ಲ ಎಂದು ಬರೆದು ಬರುತ್ತಿದ್ದರು. ನನಗೆ ಇದು ಸರಿ ಕಾಣಲಿಲ್ಲ. "ಅದು ಹ್ಯಾಗಾಗುತ್ತೆ ಸ್ವಾಮಿ?" ಎಂದು ಜಗಳಕ್ಕೇ ನಿಂತೆ. "ನಡುವೆ ಕೈ ತೊಳ್ಕತೀನಲ್ಲ" ಎಂದರು. ಜಯಲಕ್ಷ್ಮಮ್ಮ ಒಳಗಿನಿಂದ, "ಅವ್ರತ್ರ ವಾದ ಮಾಡ್ಬೇಡ ಅಂಬುಜಾ, ಕಾಫಿ ಆರೋಗ್ತದೆ" ಎಂದು ಕೂಗಿದರು.

ಆ ಬೆಂಚಿನ ಸಂಜೆಗಳನ್ನು ನಾನು ತಪ್ಪಿಸುತ್ತಿರಲಿಲ್ಲ. ಬ್ಯಾಂಕಿನಿಂದ ಬಂದವಳು ಕೈಕಾಲು ತೊಳೆಯದೆ ಅಲ್ಲೇ ನಿಂತುಬಿಡುತ್ತಿದ್ದೆ. ಒಂದು ದಿನ ಗುಡಿಯ ಸಾಲು: ನೀನು ಮರೆತರೂ ತಾಯಿ ನಿನ್ನನ್ನು ಮರೆಯುವುದಿಲ್ಲ. ಮಾರನೇ ದಿನ ಎದುರು ಹಲಗೆ: ಕಳೆದ ಬಿರುಗಾಳಿಯಲ್ಲಿ ಹೋದ ಮೂರು ದೋಣಿ ಯಾರ ನೆನಪಿನಿಂದ ಜಾರಿದವು? ಅದಕ್ಕೆ ಏಕಾಂಬರಂ ಎರಡು ದಿನ ಹಗ್ಗದಂಗಡಿಯಲ್ಲಿ ಕೂತು ಯೋಚಿಸಿ ಉತ್ತರ ತಂದರು: ಮೀನುಗಾರ ಕೈ ಮುಗಿಯುವುದು ಭಯಕ್ಕಲ್ಲ, ತಿರುಗಿ ಬಂದಾಗ ಹೇಳಿಕೊಳ್ಳಲು ಒಬ್ಬರಿರಲಿ ಎಂದು. ಅರಿವಳಗನ್ ಟೀ ಲೋಟ ಕೆಳಗಿಡುವ ಮೊದಲೇ ಹೇಳಿದರು: ಹೇಳಿಕೊಳ್ಳಲು ಹೆಂಡತಿ ಇದ್ದಾಳೆ. ಬೀದಿಯೆಲ್ಲ ನಕ್ಕಿತು, ಏಕಾಂಬರಂ ಕೂಡ ನಕ್ಕರು. ಮೀನು ಬುಟ್ಟಿಯ ಹೆಂಗಸರು ಆ ವಾರ ಎರಡೂ ಹಲಗೆ ಓದಿಸಿಕೊಂಡೇ ಮುಂದೆ ಹೋಗುತ್ತಿದ್ದರು.

ಷರತ್ತು ಬಿಗಿಯಾದ ದಿನವೂ ಇತ್ತು. ಒಮ್ಮೆ ಏಕಾಂಬರಂ ಸಿಟ್ಟಿನಲ್ಲಿದ್ದರು. ನಂಬದವರ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಎಂಬ ಸಾಲನ್ನು ಚೀಟಿಯಲ್ಲಿ ಬರೆದು ತಂದು ಅಂದಾನಿಯ ಕೈಗೆ ಕೊಟ್ಟರು. ಅರಿವಳಗನ್‌ಗೆ ಮಕ್ಕಳಿರಲಿಲ್ಲ. ಅಂದಾನಿ ಚೀಟಿ ಮಡಿಸಿ ವಾಪಸ್ಸು ಕೊಟ್ಟು, "ಅಲ್ಲಿ ಕೂತವ್ರೆ. ಹೋಗಿ ಓದಿ" ಎಂದರು. ಏಕಾಂಬರಂ ಬೆಂಚಿನ ತನಕ ಹೋದರು. ಅರಿವಳಗನ್ ಸರಿದು ಜಾಗ ಕೊಟ್ಟರು. ಇವರು ಕೂತು, ಟೀ ಕುಡಿದು, ಕೆಮ್ಮಿ, ಎದ್ದು ಮನೆಗೆ ಹೋದರು. ಮರುದಿನ ಗುಡಿಯ ಹಲಗೆಯ ಮೇಲೆ ಹುಣ್ಣಿಮೆ ಎಷ್ಟು ಗಂಟೆಗೆ ಎಂದಷ್ಟೇ ಇತ್ತು. ಅರಿವಳಗನ್ ಕೂಡ ಪೂಜಾರಿಯ ಹೆಂಡತಿಯ ಒಡವೆಯ ಬಗ್ಗೆ ಒಮ್ಮೆ ಏನೋ ಹೊಸೆದು ತಂದು, ಆಕೆ ಎದುರಿಗೆ ಬಂದಾಗ ಬಾಯಿ ಕಟ್ಟಿ ನಿಂತದ್ದನ್ನು ನಾನೇ ಕಂಡಿದ್ದೇನೆ.

ಅರಿವಳಗನ್‌ಗೆ ಒಂದೇ ಒಂದು ಜಂಬವಿತ್ತು. ತಾನು ಹೆಸರು ಬದಲಿಸಿಕೊಂಡ ದಿನದಿಂದ ಒಂದು ಸುಳ್ಳನ್ನೂ ಹೇಳಿಲ್ಲ ಎನ್ನುತ್ತಿದ್ದರು. ದೇವರ ಭಯದಿಂದ ನಿಜ ಹೇಳುವವನಿಗಿಂತ ಭಯವಿಲ್ಲದೆ ಹೇಳುವವನು ದೊಡ್ಡವನು, ಎಂದು ಹಲಗೆಯ ಮೇಲೆ ಬರೆಸಿಯೂ ಇದ್ದರು. ಅವರ ಹೆಂಡತಿ ನಮ್ಮ ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಅಮ್ಮನ ಗುಡಿಗೆ ಹಾಲಿನ ಕೊಡ ಹೊರುತ್ತಿದ್ದರು. ಇವರು ಬೇಡ ಎನ್ನುತ್ತಿರಲಿಲ್ಲ. "ಕೊಡ ಅವಳ ತಲೆಯ ಮೇಲಿದೆ, ನನ್ನ ತಲೆಯ ಮೇಲಿಲ್ಲ" ಎನ್ನುವರು.

ಅಂದಾನಿಗೆ ಒಂದು ಅಭ್ಯಾಸವಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ಸಂಜೆ ಕೇಳಿದ ಎರಡೂ ಸಾಲುಗಳನ್ನು ಎರಡು ಚೀಟಿಗಳಲ್ಲಿ ತಾವೇ ಬರೆದಿಟ್ಟುಕೊಳ್ಳುವರು. ಗುಡಿಯದು ಅಂಗಿಯ ಬಲ ಜೇಬಿಗೆ, ಓದುಮನೆಯದು ಎಡ ಜೇಬಿಗೆ. ರೈಲ್ವೆ ಪೇಂಟರುಗಳ ಅಂಗಿಗೆ ಎರಡು ಜೇಬು; ನಿವೃತ್ತರಾದ ಮೇಲೂ ಹಾಗೇ ಹೊಲಿಸುತ್ತಿದ್ದರು. ಬೆಳಿಗ್ಗೆ ಬರೆಯುವಾಗ ಮಾತ್ರ ಅವರು ಓದುತ್ತಿರಲಿಲ್ಲ. "ವಿಲ್ಲುಪುರಂ ಅಂತ ಬರಿಯೋವಾಗ ವಿಲ್ಲುಪುರಾನ ನೆನೀಬಾರ್ದು ಕನವ್ವ. ಓದ್ತಾ ಬರುದ್ರೆ ಅಕ್ಸರ ಓಡ್ತವೆ. ಗೆರೆ ನೋಡ್ಬೇಕು, ಸುಳಿ ನೋಡ್ಬೇಕು, ಅಷ್ಟೇ" ಎನ್ನುತ್ತಿದ್ದರು. ಮೂವತ್ತೈದು ವರ್ಷ ಹಾಗೆ ಬರೆದ ಕೈ ಅದು. ನಿಲ್ಲಿಸಿ ಏನು ಬರೆದಿರಿ ಎಂದು ಕೇಳಿದರೆ, ತಲೆಯೆತ್ತಿ ಓದಿ ಹೇಳಬೇಕಾಗುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯ ಆಡಿ ತಿಂಗಳು, ಹಾಲಿನ ಕೊಡದ ಭಾನುವಾರ. ಅಂದಾನಿಯ ಮಗಳು ಬೇಬಿ ಅಣ್ಣಾ ನಗರದಲ್ಲಿದ್ದಳು. ಅಪ್ಪ ಕನ್ನಡದಲ್ಲಿ ಮಾತಾಡಿಸಿದರೆ ತಮಿಳಿನಲ್ಲಿ ಉತ್ತರ ಹೇಳುವ ಮಗಳು. ಹಬ್ಬಕ್ಕೆಂದು ಅಪ್ಪನಿಗೆ ಒಳ್ಳೆಯ ರೆಡಿಮೇಡ್ ಅಂಗಿ ತಂದಿದ್ದಳು. ಆಕಾಶದ ಬಣ್ಣ, ನುಣ್ಣನೆ ಬಟ್ಟೆ. ಜೇಬು ಒಂದೇ.

ಆವತ್ತು ಗುಡಿಯ ಸಾಲು: ತಲೆಯ ಮೇಲಿನ ಕೊಡ ಹಗುರ, ತಾಯಿ ಹಿಡಿದಿರುವುದರಿಂದ. ಓದುಮನೆಯ ಸಾಲು: ಕಲ್ಲು ಹಾಲು ಕೇಳಲಿಲ್ಲ, ಕೇಳಿದ್ದು ಮಗು. ಹಿಂದಿನ ಸಂಜೆ ಬೆಂಚಿನಲ್ಲಿ ಎರಡೂ ಮುಖಾಮುಖಿ ಓದಿ, ಒಪ್ಪಿ, ಟೀ ಕುಡಿದು ಎದ್ದಿದ್ದರು. ಬೆಳಿಗ್ಗೆ ಒಂದೇ ಜೇಬಿನಿಂದ ಒಂದು ಚೀಟಿ ಬಂತು, ಇನ್ನೊಂದು ಉಳಿಯಿತು. ಅಂದಾನಿ ಗೆರೆ ನೋಡಿದರು, ಸುಳಿ ನೋಡಿದರು. ಬಣ್ಣದ ಸೀಮೆಸುಣ್ಣದಲ್ಲಿ ಅಂಚು ಕೂಡ ಹಾಕಿ, ಕೈ ಒರೆಸಿಕೊಂಡು ಮನೆಗೆ ಬಂದು ಇಡ್ಲಿ ತಿಂದರು.

ಒಂಬತ್ತು ಗಂಟೆಗೆ ಹಳದಿ ಸೀರೆಯ ನೂರಾರು ಹೆಂಗಸರು ಹಾಲಿನ ಕೊಡ ಹೊತ್ತು, ತಮಟೆಯ ಹಿಂದೆ ಬರಿಗಾಲಲ್ಲಿ ಗುಡಿಗೆ ಬಂದರು. ಮುಂದಿದ್ದವರು ಹಲಗೆಯ ಮುಂದೆ ನಿಂತುಬಿಟ್ಟರು. ತಮಟೆ ನಿಂತಿತು. ಗುಡಿಯ ಗೋಡೆಯ ಮೇಲೆ, ದುಂಡಾದ ಅಕ್ಷರದಲ್ಲಿ, ಹೂಬಳ್ಳಿಯ ಅಂಚಿನೊಳಗೆ: ಕಲ್ಲು ಹಾಲು ಕೇಳಲಿಲ್ಲ. ನಾನು ಜಯಲಕ್ಷ್ಮಮ್ಮನ ಪಕ್ಕದಲ್ಲೇ ಇದ್ದೆ. ಅವರ ತಲೆಯ ಮೇಲಿನ ಕೊಡ ಅಲುಗಿ ಹಾಲು ಕೆನ್ನೆಗೆ ಇಳಿದದ್ದನ್ನು ನೋಡಿದೆ. ಇದೇ ಸಾಲು ಇಪ್ಪತ್ತು ಹೆಜ್ಜೆ ಆಚೆ ಇದ್ದಿದ್ದರೆ ಅವರು ನಕ್ಕು ಮುಂದೆ ಹೋಗುತ್ತಿದ್ದರು. ನನಗೆ ಅವತ್ತು ತಿಳಿಯಿತು, ಒಂದು ಮಾತು ಏನು ಹೇಳುತ್ತದೆ ಎನ್ನುವಷ್ಟೇ ಮುಖ್ಯ, ಅದು ಯಾರ ಗೋಡೆಯ ಮೇಲಿದೆ ಎನ್ನುವುದು.

ಕೂಗಾಟ ಶುರುವಾಯಿತು. ಹೊರಗಿನ ಬೀದಿಗಳಿಂದ ಬಂದಿದ್ದ ಗಂಡಸರಿಗೆ ನಮ್ಮ ಹಲಗೆಗಳ ಕತೆ ಗೊತ್ತಿರಲಿಲ್ಲ. ನಾಸ್ತಿಕರು ಬೆಳಗಾಗುವ ಮೊದಲೇ ಬಂದು ಗುಡಿಯ ಹಲಗೆ ಕೆಡಿಸಿದ್ದಾರೆ ಎಂದುಕೊಂಡರು. ಓದುಮನೆಯ ಕಿಟಕಿಗೆ ಕಲ್ಲು ಬಿತ್ತು. ಒಳಗೆ ಪೇಪರ್ ಓದುತ್ತಿದ್ದ ಅರಿವಳಗನ್ ಹೊರಗೆ ಬಂದರು. ತಮ್ಮ ಹಲಗೆ ನೋಡಿದರು, ಗುಡಿಯ ಹಲಗೆ ನೋಡಿದರು. ಏನಾಗಿದೆಯೆಂದು ಅವರಿಗೆ ಕೂಡಲೇ ತಿಳಿಯಿತೆಂದು ನನಗೆ ಕಾಣಿಸಿತು, ಏಕೆಂದರೆ ಅವರ ಕಣ್ಣು ಗುಂಪಿನಲ್ಲಿ ಅಂದಾನಿಯನ್ನು ಹುಡುಕುತ್ತಿತ್ತು. ಅಷ್ಟರಲ್ಲಿ ಯಾರೋ, "ಬರೆದ ಕೈ ಯಾವುದು?" ಎಂದು ಕಿರುಚಿದರು. ಅರಿವಳಗನ್ ಮೂರು ಬೆರಳಿನ ಕೈಯೆತ್ತಿ ಹೇಳಿದರು: "ಬರೆಸಿದ್ದು ನಾನು. ಮುದುಕನ ಜೇಬಿನ ಚೀಟಿ ಬದಲಿಸಿದ್ದೇ ನಾನು. ಅವನಿಗೆ ಏನೂ ಗೊತ್ತಿಲ್ಲ."

ಹೆಸರು ಬದಲಿಸಿಕೊಂಡ ಮೂವತ್ತೈದು ವರ್ಷದಲ್ಲಿ ಆ ಮನುಷ್ಯನ ಮೊದಲ ಸುಳ್ಳು ಅದು. ಗುಂಪು ಅವರ ಮೇಲೆ ನುಗ್ಗಿತು. ಆಗ ಅಂದಾನಿ ಆಕಾಶದ ಬಣ್ಣದ ಅಂಗಿಯಲ್ಲಿ ನಡುವೆ ಬಂದು ನಿಂತರು. "ಅವ್ನು ಸುಳ್ಳು ಏಳ್ತಾವ್ನೆ" ಎಂದು ಕನ್ನಡದಲ್ಲೇ ಕೂಗಿ, ಆಮೇಲೆ ಎಚ್ಚೆತ್ತು ತಮಿಳಿನಲ್ಲಿ ಹೇಳಿದರು. ತಪ್ಪು ತನ್ನದು. ಚೀಟಿಗಳು ಒಂದೇ ಜೇಬಿನಲ್ಲಿದ್ದವು. ಇವನು ಸುಳ್ಳು ಹೇಳುತ್ತಿದ್ದಾನೆ, ಸುಳ್ಳು, ಸುಳ್ಳು. ಒಂದೇ ಜೇಬನ್ನು ಹೊರಗೆ ಎಳೆದು ತೋರಿಸಿದರು. ಏಕಾಂಬರಂ ಬಂದು ಅಂದಾನಿಯ ಕೈ ಹಿಡಿದು, ಇದು ನಿಜ ಎಂದರು. ಗುಂಪು ಗೊಣಗುತ್ತ ಕರಗಿತು. ಜಯಲಕ್ಷ್ಮಮ್ಮ ತಮ್ಮ ಸೆರಗಿನಿಂದಲೇ ಹಲಗೆ ಒರೆಸಿದರು.

ಅರಿವಳಗನ್‌ರ ಮುಖ ಮಾತ್ರ ಬೂದಿಯಾಗಿತ್ತು. ಅವರು ಅಂದಾನಿಯ ಹತ್ತಿರ ಬಂದು ಮೆಲ್ಲನೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. "ನಿನಗೋಸ್ಕರ ಒಂದು ಸುಳ್ಳು ಹೇಳಿದೆ ಅಯ್ಯಾ. ಅದನ್ನು ನೀನು ಬೀದಿಯಲ್ಲಿ ನಿಂತು ಮೂರು ಸಲ ಸುಳ್ಳು ಎಂದು ಕೂಗಿದೆ." ಅಷ್ಟು ಹೇಳಿ ಓದುಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಾನಿ ಏನು ಮಾಡಬೇಕಿತ್ತು? ತನ್ನ ತಪ್ಪಿಗೆ ಗೆಳೆಯನ ಮೇಲೆ ಕಲ್ಲು ಬೀಳಲಿ ಎಂದು ಸುಮ್ಮನಿರಬೇಕಿತ್ತೇ? ಆದರೆ ಇಬ್ಬರೂ ಸರಿ ಇದ್ದಾಗ ಜಗಳ ಬಿಡಿಸಲು ಯಾರಿಂದಲೂ ಆಗುವುದಿಲ್ಲ. ನಾನು ಓದುಮನೆಗೆ ಎರಡು ಸಲ ಹೋಗಿ ನನ್ನ ಜೋರು ಬಾಯಿಯನ್ನೆಲ್ಲ ಖರ್ಚು ಮಾಡಿದೆ. ಅರಿವಳಗನ್ ನನಗೊಂದು ಲೋಟ ನೀರು ಕೊಟ್ಟು ಕಳಿಸಿದರು.

ಹಲಗೆಗಳ ಗತಿ ಇನ್ನೂ ಕೆಟ್ಟದಾಯಿತು. ಗುಡಿಯ ಸಮಿತಿಗೆ ಹೊಸಬರು ಬಂದಿದ್ದರು. ಅಂದಾನಿ ಮುಂದೆಯೂ ಬರೆಯಲಿ, ಆದರೆ ಎದುರುಗಡೆ ಬರೆಯಕೂಡದು ಎಂದರು. ಓದುಮನೆಯ ಸಂಘದ ಮೇಲಿನವರೂ ಅದನ್ನೇ ಹೇಳಿ ಕಳಿಸಿದರು: ನಮ್ಮ ಹಲಗೆಯ ಮೇಲೆ ಅಮ್ಮನ ಭಜನೆ ಬರೆದ ಕೈ ನಮಗೆ ಮಾತ್ರ ಬರೆಯುವುದಾದರೆ ಇರಲಿ. ಅಂದಾನಿ ಇಬ್ಬರಿಗೂ ಒಂದೇ ಉತ್ತರ ಕೊಟ್ಟರು: "ಒಂದೇ ಹಲಗೆ ಬರಿಯೋಕೆ ನಂಗ್ ಬರಾಕಿಲ್ಲ." ಜಯಲಕ್ಷ್ಮಮ್ಮ ಎರಡು ದಿನ ಗಂಡನ ಜೊತೆ ಮಾತು ಬಿಟ್ಟರು. ತಾಯಿಯ ಸೇವೆಯನ್ನು ಒಬ್ಬ ನಾಸ್ತಿಕನಿಗಾಗಿ ಬಿಡುವುದೆಂದರೇನು? ಅಂದಾನಿ ಪೂಜೆ ಮಾಡಿಕೊಂಡು, ಕೈ ತೊಳೆದುಕೊಂಡು, ಹೋಗಲು ಎಲ್ಲಿಯೂ ಇಲ್ಲದೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಗುಡಿಯ ಗೋಡೆಗೆ ದೊಡ್ಡ ಫ್ಲೆಕ್ಸ್ ಬಂತು. ಅಮ್ಮನ ಚಿತ್ರ, ಸಮಿತಿಯವರ ಫೋಟೋ, ಒಂದು ಸಾಲು. ಓದುಮನೆಯ ಹಲಗೆಯ ಮೇಲೆ ಸಂಘದವರು ಬೇರೆಯವರಿಂದ ಎಣ್ಣೆ ಬಣ್ಣದಲ್ಲಿ ಒಂದು ಸಾಲು ಬರೆಸಿದರು. ಎರಡೂ ಅಳಿಸದ ಸಾಲುಗಳು. ಮಳೆಗೂ ಬಿಸಿಲಿಗೂ ಅದೇ ಮಾತು. ಮೀನಿನ ಹೆಂಗಸರು ತಲೆಯೆತ್ತಿ ನೋಡುವುದನ್ನು ಬಿಟ್ಟರು. ನಾನೂ ಬಸ್ಸಿನ ದಾರಿಯನ್ನೇ ನೋಡಲು ಕಲಿತೆ.

ನನ್ನ ಕೋಣೆಯ ಎದುರಿಗೆ, ಮಹಡಿಯ ಮೇಲೆ ನೀರಿನ ತೊಟ್ಟಿಯ ಗೋಡೆಯಿತ್ತು. ಒಂದು ದಿನ ಅಂದಾನಿ ಕಪ್ಪು ಬಣ್ಣದ ಡಬ್ಬಿ ಹಿಡಿದು ಹತ್ತಿ ಬಂದರು. ಗೋಡೆಯನ್ನು ಕಪ್ಪು ಮಾಡಿ, ಒಣಗಿಸಿ, ನಡುವೆ ನೂಲು ಹಿಡಿದು ಗೆರೆ ಎಳೆದರು. ಬಲಗಡೆ ಗುಡಿ, ಎಡಗಡೆ ಓದುಮನೆ. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಬಾಗಿಲು ತೆಗೆದರೆ ಬಲಗಡೆ ಏಕಾಂಬರಂ ಧಾಟಿಯ ಒಂದು ಸಾಲು, ಎಡಗಡೆ ಅರಿವಳಗನ್ ಧಾಟಿಯ ಒಂದು ಉತ್ತರ. ಎರಡನ್ನೂ ಅಂದಾನಿಯೇ ಕಟ್ಟಿದ್ದರು. ದೇವರನ್ನು ಅಂಗೈಯಲ್ಲಿಟ್ಟುಕೊಂಡು ಎದ್ದವರು ಎಡಗಡೆಯ ಸಾಲಿಗಾಗಿ ಅರ್ಧ ಗಂಟೆ ತಲೆ ಕೆರೆದುಕೊಳ್ಳುತ್ತಿದ್ದರು. "ಅವ್ನಾಗಿದ್ರೆ ಏನ್ ಏಳ್ತಿದ್ದ?" ಎಂದು ನನ್ನನ್ನು ಕೇಳುವರು. ನಾನು ಏನಾದರೂ ಹೇಳಿದರೆ, "ಚೇ, ಅವ್ನು ಇಷ್ಟು ಸಪ್ಪೆ ಇಲ್ಲ ಕನವ್ವ" ಎಂದು ತಳ್ಳಿಹಾಕುವರು.

ಎರಡು ವರ್ಷ ಹೀಗೆ ನಡೆಯಿತು. ಓದುಗರು ನಾನು, ಜಯಲಕ್ಷ್ಮಮ್ಮ ಮತ್ತು ಕಾಗೆಗಳು. ಅರಿವಳಗನ್ ನಮ್ಮ ಮನೆಯ ಮುಂದೆಯೇ ದಿನಾ ಹಾಲಿಗೆ ಹೋಗುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ಆ ಹೊತ್ತಿಗೆ ಅಂದಾನಿ ಮಹಡಿಯ ಅಂಚಿಗೆ ಬಂದು ನಿಂತು, ಅವರು ತಿರುವು ದಾಟುವ ತನಕ ನೋಡುತ್ತಿದ್ದರು. ಒಮ್ಮೆ ನನಗೆ ತಡೆಯಲಾಗದೆ, "ಕೂಗಿ ಕರೀಲಾ?" ಎಂದೆ. "ಬ್ಯಾಡ. ಕರುದ್ರೆ ಬತ್ತಾನೆ. ಕರ್ಸ್ಕಂಡು ಬರೋದು ಬ್ಯಾಡ" ಎಂದರು. ಆ ಮುಖ ನೋಡಿ ನಾನು ಕೋಣೆಯೊಳಗೆ ಹೋಗಿ ಸ್ವಲ್ಪ ಅತ್ತೆ. ಒಬ್ಬ ಮನುಷ್ಯ ಇನ್ನೊಬ್ಬನ ಒಪ್ಪಿಗೆಗೆ ಹಂಬಲಿಸುವುದನ್ನು ಕಂಡಿದ್ದೆ. ಅವನ ವಿರೋಧಕ್ಕಾಗಿ ಇಷ್ಟು ಹಂಬಲಿಸುವುದನ್ನು ಅಲ್ಲಿಯ ತನಕ ಕಂಡಿರಲಿಲ್ಲ.

ಎರಡು ಸಾವಿರದ ಮೂರರ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಬಲಗಡೆಯ ಸಾಲು ಮುಗಿಸಿ, ಎಡಗಡೆಗೆ ಸರಿಯುವಾಗ ಅಂದಾನಿಯ ಕೈಯಿಂದ ಸೀಮೆಸುಣ್ಣ ಬಿತ್ತು. ಬಗ್ಗಿದವರು ಏಳಲಿಲ್ಲ. ಲಕ್ವ ಬಲಗಡೆಯನ್ನು ಪೂರ್ತಿ ತೆಗೆದುಕೊಂಡಿತ್ತು. ಆಸ್ಪತ್ರೆಯಿಂದ ಮೂರು ವಾರದ ಮೇಲೆ ಮನೆಗೆ ತಂದಾಗ ಬೇಬಿ, ಅಣ್ಣಾ ನಗರಕ್ಕೆ ಬಾ ಎಂದು ತಮಿಳಿನಲ್ಲಿ ಗೋಗರೆದಳು. ಅವರು ತೊದಲುತ್ತ ಒಂದೇ ಮಾತು ಹೇಳಿದರು: "ಮೇಲೆ." ನಾಲ್ಕು ಜನ ಸೇರಿ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಮಹಡಿಗೆ ಹೊತ್ತೆವು. ಅಲ್ಲಿಂದ ದಿನಾ ಬೆಳಿಗ್ಗೆ ಅವರು ಗೋಡೆಯ ಎದುರು ಕೂರುತ್ತಿದ್ದರು. ಬಲಗಡೆ ಅವರ ಕೊನೆಯ ಸಾಲು ಹಾಗೇ ಇತ್ತು: ಕರೆದವರ ಮನೆಗೆ ತಾಯಿ ಬಂದೇ ಬರುತ್ತಾಳೆ. ಎಡಗಡೆ ಖಾಲಿ ಕಪ್ಪು. ಅವರ ಕಣ್ಣು ಯಾವಾಗಲೂ ಎಡಗಡೆಗೇ ಇರುತ್ತಿತ್ತು.

ಸಂಕ್ರಾಂತಿ ಕಳೆದು ಒಂದು ವಾರವಾಗಿರಬೇಕು. ಮೆಟ್ಟಿಲ ಮೇಲೆ ಯಾರೋ ನಿಂತು ನಿಂತು ಹತ್ತುವ ಸದ್ದು. ಜಯಲಕ್ಷ್ಮಮ್ಮನಾಗಿದ್ದರೆ ಉಸ್ಸೆನ್ನುತ್ತ ಬರುತ್ತಿದ್ದರು. ನಾನು ಬಾಗಿಲಿಗೆ ಬಂದು ನೋಡಿದರೆ ಅರಿವಳಗನ್. ಅಂದಾನಿಗೆ ಹುಷಾರಿಲ್ಲ ಎಂದಷ್ಟೇ ತಿಳಿದಿತ್ತಂತೆ; ಬರೆಯುವ ಕೈಯೇ ಹೋಗಿದೆ ಎಂದು ಟೀ ಅಂಗಡಿಯಲ್ಲಿ ಆವತ್ತೇ ಕೇಳಿದರಂತೆ. ಅವರು ಅಂದಾನಿಯನ್ನು ನೋಡಲಿಲ್ಲ, ಮೊದಲು ಗೋಡೆಯನ್ನು ನೋಡಿದರು. ನಡುವಿನ ಗೆರೆ ನೋಡಿದರು.

"ಈ ಕಡೆ?" ಎಂದು ನನ್ನನ್ನು ಕೇಳಿದರು.

"ಅದು ನಿಮ್ಮದು. ಎರಡು ವರ್ಷದಿಂದ ನಿಮ್ಮ ಉತ್ತರವನ್ನೂ ಇವರೇ ಬರೀತಿದ್ರು."

ಅವರು ಖಾಲಿ ಕಪ್ಪಿನ ಮೇಲೆ ಬೆರಳಾಡಿಸಿ, "ಚೆನ್ನಾಗಿತ್ತಾ?" ಎಂದರು.

"ನಿಮ್ಮಷ್ಟು ಖಾರ ಇರಲಿಲ್ಲ."

ಅರಿವಳಗನ್ ಬೆತ್ತದ ಕುರ್ಚಿಯ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತರು. ಅಂದಾನಿಯ ಮುಖಕ್ಕೆ ಮುಖವಿಟ್ಟು, ಬೆಂಚಿನಲ್ಲಿ ಹೇಳುತ್ತಿದ್ದ ಹಾಗೇ ಗಂಟಲು ಸರಿಮಾಡಿಕೊಂಡು, ತಮ್ಮ ಸಾಲನ್ನು ಗಟ್ಟಿಯಾಗಿ ಓದಿದರು. ಷರತ್ತನ್ನು ಮರೆತಿರಲಿಲ್ಲ. ಅಂದಾನಿಯ ಒಂದು ಕಣ್ಣಿನಿಂದ ನೀರು ಇಳಿಯಿತು. ತಲೆ ಮೆಲ್ಲಗೆ ಆಡಿತು. ಬರಿ, ಎಂದು ಅದರ ಅರ್ಥ. ಅರಿವಳಗನ್ ಸೀಮೆಸುಣ್ಣ ತೆಗೆದುಕೊಂಡು, ಮೂರು ಬೆರಳಿನಲ್ಲಿ ಅಮುಕಿ ಹಿಡಿದು, ಜೀವಮಾನವೆಲ್ಲ ಯಾರಿಗೂ ತೋರಿಸದ ವಕ್ರ ಅಕ್ಷರದಲ್ಲಿ ಎಡಗಡೆ ಬರೆದರು:

ಕರೆಯದಿದ್ದರೂ ಬಂದಿದ್ದೇನೆ. ದೇವರಲ್ಲ, ಅರಿವಳಗನ್.

ಅಂದಾನಿ ನಕ್ಕರು. ಅರ್ಧ ಬಾಯಿಯ ನಗು, ಆದರೆ ಪೂರ್ತಿ ನಗು. ಎಡಗೈ ಎತ್ತಿ, ಬಹಳ ಕಷ್ಟಪಟ್ಟು, "ಉತ್ತರ... ನಾಳೆ" ಎಂದರು.

ಮಾರನೇ ದಿನ ಅರಿವಳಗನ್ ಬಂದರು. ಅಂದಾನಿಯ ತುಟಿ ಆಡಿತು, ಮಾತಾಗಲಿಲ್ಲ. "ನಾಳೆ ಆಗಲಿ" ಎಂದು ಅವರು ಟೀ ಕುಡಿಸಿ ಹೋದರು. ಹೀಗೆ ನಾಲ್ಕು ದಿನ. ಐದನೆಯ ದಿನ ಬೆಳಿಗ್ಗೆ ಅಂದಾನಿ ಹಾಸಿಗೆಯಿಂದ ಏಳಲಿಲ್ಲ. ಲಿಂಗಾಯತರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು, ಅಂಗೈಯಲ್ಲಿ ಲಿಂಗವಿಟ್ಟು. ಅರಿವಳಗನ್ ಗುಂಡಿಯ ತನಕ ಬಂದು, ಜಂಗಮರು ಮಂತ್ರ ಹೇಳುವಾಗ ಎಲ್ಲರ ಜೊತೆ ಸುಮ್ಮನೆ ನಿಂತಿದ್ದು, ಮೂರು ಹಿಡಿ ಮಣ್ಣು ಹಾಕಿದರು.

ಗೋಡೆಯನ್ನು ಒರೆಸಲು ಜಯಲಕ್ಷ್ಮಮ್ಮ ಬಿಡಲಿಲ್ಲ. ಅರಿವಳಗನ್ ವಾರಕ್ಕೆ ಎರಡು ಮೂರು ಸಲ ಬರುತ್ತಿದ್ದರು. ಜಯಲಕ್ಷ್ಮಮ್ಮನನ್ನು ವಿಚಾರಿಸಿ, ಮಹಡಿ ಹತ್ತಿ, ಗೋಡೆಯ ಮುಂದೆ ಒಂದು ನಿಮಿಷ ನಿಂತು ಇಳಿಯುವರು. ಉತ್ತರ ಬರಬೇಕಿದ್ದ ಬಲಗಡೆ ಹಳೆಯ ಸಾಲೇ ಇತ್ತು.

ಜೂನ್‌ನಲ್ಲಿ ನನಗೆ ಮೈಸೂರಿಗೆ ವರ್ಗವಾಯಿತು. ಏಳು ವರ್ಷ ಬೇಕು ಬೇಕೆಂದು ಅರ್ಜಿ ಹಾಕಿದ್ದ ವರ್ಗ. ಅದು ಕೈಗೆ ಬಂದ ದಿನ ಸಂಕಟವಾಯಿತು. ಹೊರಡುವ ಹಿಂದಿನ ಬೆಳಿಗ್ಗೆ ನನಗೊಂದು ಹುಚ್ಚು ಹೊಳೆಯಿತು. ಅಂದಾನಿಯವರ ಅಕ್ಷರ ನೋಡಿಯೇ ತಮಿಳು ಬರೆಯಲೂ ಕಲಿತವಳು ನಾನು. ಅವರ ದುಂಡು, ಅವರ ಸುಳಿ ನನ್ನ ಕೈಗೂ ಸ್ವಲ್ಪ ಬರುತ್ತಿತ್ತು. ಅರಿವಳಗನ್ ಇನ್ನೆಷ್ಟು ದಿನ ಹೀಗೆ ಹತ್ತಿ ಇಳಿಯಬೇಕು, ಅಂದಾನಿಯವರ ಪರವಾಗಿ ಒಂದು ಉತ್ತರ ನಾನೇ ಬರೆದುಬಿಡೋಣ ಎಂದು ಸೀಮೆಸುಣ್ಣ ತೆಗೆದುಕೊಂಡೆ. ಸಾಲು ಕೂಡ ಮನಸ್ಸಿನಲ್ಲಿ ಸಿದ್ಧವಿತ್ತು. ಗೋಡೆಗೆ ಕೈ ಇಡುವಷ್ಟರಲ್ಲಿ ಅರಿವಳಗನ್ ಮೇಲೆ ಬಂದರು.

ಅವರು ನನ್ನ ಬೆರಳುಗಳನ್ನು ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಹತ್ತಿರ ಬಂದು ಸೀಮೆಸುಣ್ಣವನ್ನು ನನ್ನ ಕೈಯಿಂದ ಬಿಡಿಸಿ, ತೊಟ್ಟಿಯ ಅಂಚಿನ ಮೇಲೆ, ಅಂದಾನಿಯವರು ಇಡುತ್ತಿದ್ದ ಜಾಗದಲ್ಲೇ ಇಟ್ಟರು.

"ನೀನು ಬರೀಬೇಡಮ್ಮಾ" ಎಂದರು. "ಅವನದ್ದು ಬರಲಿ."

ಆಮೇಲೆ ಒಂದೊಂದೇ ಮೆಟ್ಟಿಲು ನೋಡಿಕೊಂಡು ಕೆಳಗೆ ಇಳಿದರು. ಜಯಲಕ್ಷ್ಮಮ್ಮ ಅವರಿಗೆ ಕಾಫಿ ಕೊಟ್ಟದ್ದು ಮೇಲಿನವರೆಗೂ ಕೇಳಿಸಿತು.